ಬಾಗಿನಕ್ಕೆ ತೊಳೆದ ಮೆಟ್ಟಿಲು

ಬ್ಲೀಚಿಂಗ್ ಪೌಡರಿನ ವಾಸನೆ ಯಾರೂ ಇಷ್ಟಪಡುವ ವಾಸನೆಯಲ್ಲ. ಮೊನ್ನೆ ವಡಗಾವಿಯ ನಮ್ಮ ಮನೆಯ ಮಾಳಿಗೆ ಮೇಲಿನ ನೀರಿನ ಟಾಕಿ ತೊಳೆಸುವಾಗ ಮಗಳು ಮೂಗಿಗೆ ಓಢಣಿ ಹಿಡಿದುಕೊಂಡು ಕೆಳಗೆ ಓಡಿಹೋದಳು. ನಾನು ಮಾತ್ರ ಅಲ್ಲೇ ನಿಂತು ಹೂವಿನ ಅಂಗಡಿಯ ಮುಂದೆ ನಿಂತವಳಂತೆ ಉಸಿರೆಳೆದುಕೊಂಡೆ. ಪಕ್ಕದ ಓಣಿಯಲ್ಲಿ ಮಗ್ಗಗಳು ಖಟಖಟ ಅನ್ನುತ್ತಲೇ ಇದ್ದವು. ನನ್ನ ಕಿವಿಯಲ್ಲಿ ಇದ್ದದ್ದು ಖಾನಾಪುರದ ಪಂಪ್‌ಹೌಸಿನ ಮೋಟಾರಿನ ಸದ್ದು. ಆ ವಾಸನೆ ಬಂದರೆ ಸಾಕು, ತುಂಬಿದ ಮಲಪ್ರಭೆ ನೆನಪಾಗುತ್ತದೆ, ಪಾಚಿಗಟ್ಟಿದ ಮೆಟ್ಟಿಲು ನೆನಪಾಗುತ್ತದೆ, ನನ್ನ ಜೊತೆ ಮಾತು ಬಿಟ್ಟು ಮುಖ ಊದಿಸಿಕೊಂಡಿದ್ದ ನೇಗಿನಹಾಳ ಸಾಹೇಬರು ನೆನಪಾಗುತ್ತಾರೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆ ಮಳೆಗಾಲದಲ್ಲಿ ನಗು ಬರುವಂಥದ್ದೇನೂ ಇರಲಿಲ್ಲ.

ಆಗ ನಾನು ಹೊಸ ಜೂನಿಯರ್ ಇಂಜಿನಿಯರ್. ಹೊಳೆಯ ನೀರನ್ನು ಎತ್ತಿ ಖಾನಾಪುರ ಊರಿಗೆ ಕೊಡುವ ಪಂಪ್‌ಹೌಸನ್ನು ನನ್ನ ಕೈಗೆ ಒಪ್ಪಿಸಿದ್ದರು. ದಿನಾ ಬೆಳಗಿನ ಬಸ್ಸಿಗೆ ಬೆಳಗಾವಿಯಿಂದ ಹೊರಟು, ಸಂಜೆ ಮರಳಿ ಬರುವುದು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಪ್ರೊಬೇಷನ್ ನಡೆದಿತ್ತು. ಅದು ಮುಗಿಯುವ ಹೊತ್ತಿಗೆ ಮೇಲಿನ ಸಾಹೇಬರು 'ಈಕೆ ಆಗಬಹುದು' ಅಂದರೆ ನಾನು ಉಳಿದೆ, 'ಬೇಡ' ಅಂದರೆ ಮನೆಗೆ. ಆ ಮೇಲಿನ ಸಾಹೇಬರೇ ನೇಗಿನಹಾಳ ಅವರು.

ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಅಂಗಿಯ ಒಳಗೆ ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ರಾಮತೀರ್ಥ ನಗರದ ಮನೆಯಲ್ಲಿ ಲಿಂಗಪೂಜೆ ಮುಗಿಯದೆ ಒಂದು ಗುಟುಕು ಚಹಾ ಕುಡಿಯುವವರಲ್ಲ. ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ. ನಾನು ಕೆಲಸಕ್ಕೆ ಬಂದ ಹೊಸತರಲ್ಲಿ ಪಂಪು ನೀರೆಳೆಯಲೆಂದು ಹೊಳೆಯೊಳಗೇ ಕಟ್ಟಿದ ದೊಡ್ಡ ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಕಬ್ಬಿಣದ ಏಣಿ ತೋರಿಸಿದ್ದರು. "ಹೆಣ್ಣಮಗಳು ಅಂತ ಮ್ಯಾಲ ನಿಂತು ನೋಡಿದ್ರ ನಡಿಯೂದಿಲ್ರಿ ಮೇಡಂ. ಇಳೀರಿ." ಇಳಿದೆ. ತಾವೂ ಇಳಿದರು. ಆ ಬಿಳಿ ಅಂಗಿ ಕೆಸರಾದದ್ದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೋಟಾರಿನ ಮೇಲೆ ಅಂಗೈ ಇಟ್ಟು ಅದರ ನಡುಕದಲ್ಲೇ ಬೇರಿಂಗ್ ಹೋಗಿದೆಯೋ ಇಲ್ಲವೋ ಗೊತ್ತು ಮಾಡಿಕೊಳ್ಳುವುದನ್ನು ನನಗೆ ಕಲಿಸಿದವರು ಅವರು. ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರಿದ್ದಾರೆ, ಕೆಲಸ ಕಲಿಸಿದವರು ಇವರೊಬ್ಬರೇ. ಹಾಗಾಗಿ ಅವರ ಮೇಲಿನ ನನ್ನ ಗೌರವ ಕುರ್ಚಿಗೆ ಕೊಡುವ ಗೌರವ ಮಾತ್ರ ಆಗಿರಲಿಲ್ಲ.

ಇನ್ನು ನಮ್ಮ ಮನೆ. ನನ್ನ ಗಂಡ ವಡಗಾವಿಯ ಒಂದು ಮಗ್ಗದ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಅತ್ತೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ತಲೆಮಾರುಗಳಿಂದ ನಾವು ಕ್ರೈಸ್ತರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂವರೂ ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡುವುದು ಮನೆಯ ಪದ್ಧತಿ. ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸುತ್ತಾರೆ. ಅಲ್ಲಿ ಅದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅತ್ತೆಗೆ ಅಷ್ಟಕ್ಕೆ ಸಮಾಧಾನವಿಲ್ಲ. ದೇಶ ಆಳುವವರಿಂದ ಶುರು ಮಾಡಿ, ಜಿಲ್ಲಾಧಿಕಾರಿಗಳನ್ನು ದಾಟಿ, ನಮ್ಮ ಓಣಿಯ ಲೈನ್‌ಮನ್‌ವರೆಗೂ ಬರುತ್ತಾರೆ. ನನಗೆ ನೌಕರಿ ಸಿಕ್ಕಮೇಲೆ ಲೈನ್‌ಮನ್‌ನ ಮುಂದೆ ಇನ್ನೊಂದು ಹೆಸರು ಸೇರಿತು. "ಸ್ವಾಮಿ, ನೇಗಿನಹಾಳ ಸಾಹೇಬ್ರಿಗೆ ಒಳ್ಳೆ ಬುದ್ಧಿ ಕೊಡು, ಅವರ ಸಿಟ್ಟು ತಣ್ಣಗ ಮಾಡು, ಅವರ ಹೆಂಡತಿ ಮೊಣಕಾಲು ಬ್ಯಾನಿ ವಾಸಿ ಮಾಡು." ಮೊಣಕಾಲಿನ ಸುದ್ದಿ ನಾನೇ ಯಾವಾಗಲೋ ಊಟ ಮಾಡುತ್ತ ಹೇಳಿದ್ದು. ಅತ್ತೆಯ ಕಿವಿಗೆ ಬಿದ್ದದ್ದು ನೇರ ಪ್ರಾರ್ಥನೆಗೇ ಹೋಗುತ್ತದೆ.

ಆ ವರ್ಷ ಬೇಸಿಗೆ ಕೆಟ್ಟದಾಗಿತ್ತು. ಖಾನಾಪುರದಂಥ ಮಳೆಯ ಸೀಮೆಯಲ್ಲಿ ಹೊಳೆ ಬತ್ತಿ, ನೀರು ತಡೆಯಲು ಅಡ್ಡ ಕಟ್ಟಿದ ಬಂಧಾರದ ಹಿಂದೆ ಅಲ್ಲಲ್ಲಿ ಮಡುವಾಗಿ ನಿಂತಿತ್ತು. ನಲ್ಲಿಗೆ ನೀರು ಬಿಡುವ ಸರದಿ ದಿನದಿಂದ ದಿನಕ್ಕೆ ದೂರವಾಯಿತು. ಒಂದು ಮಧ್ಯಾಹ್ನ ಊರ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಪಂಪ್‌ಹೌಸಿನ ಅಂಗಳಕ್ಕೇ ಬಂದುಬಿಟ್ಟರು. ಅರ್ಧ ಕನ್ನಡ, ಅರ್ಧ ಮರಾಠಿ, ಬೈಗುಳಕ್ಕೆ ಎರಡೂ. ನೇಗಿನಹಾಳ ಸಾಹೇಬರು ಹೊರಗೆ ಬಂದು ಕೈ ಮುಗಿದು ನಿಂತರು. ಕೊನೆಗೆ ಗದ್ದಲ ಇಳಿಯುವ ಹೊತ್ತಿಗೆ ಗಟ್ಟಿ ದನಿಯಲ್ಲಿ, "ತಾಯಂದಿರ, ಹೊಳಿ ಹುಟ್ಟೂ ಕಣಕುಂಬಿ ಕಡೆ ಮಳಿ ಬೀಳಲಿ, ಹೊಳಿ ಬಂಧಾರದ ಮ್ಯಾಲೆ ಹರೀಲಿ. ಈ ಸಲ ಪಂಪ್‌ಹೌಸಿನಿಂದನ ಹೊಳಿಗೆ ಬಾಗಿನಾ ಕೊಡ್ತೀವಿ. ನಮ್ಮ ಮೇಡಂ ಕೈಲೆ ಕೊಡಸ್ತೀನಿ" ಅಂದರು. ಹೆಂಗಸರು ನನ್ನ ಕಡೆ ನೋಡಿದರು. ಒಬ್ಬ ಮುದುಕಿ ಅಲ್ಲಿಂದಲೇ ನನಗೆ ಲಟಿಕೆ ಮುರಿದು ದೃಷ್ಟಿ ತೆಗೆದಳು.

ತುಂಬಿದ ಹೊಳೆಗೆ ಎರಡು ಮೊರಗಳಲ್ಲಿ ಬಳೆ, ಖಣ, ತೆಂಗಿನಕಾಯಿ, ಅಕ್ಕಿ ಬೆಲ್ಲ ತುಂಬಿ ಪೂಜಿಸಿ ನೀರಿಗೆ ಬಿಡುವುದು ಬಾಗಿನ. ಮದುವೆಯಾದ ಹೆಣ್ಣುಮಗಳು ಬಿಡಬೇಕು. ನಮ್ಮ ಆಫೀಸಿನಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ನಾನು ಕ್ರೈಸ್ತಳೆಂಬುದು ಸಾಹೇಬರಿಗೆ ಗೊತ್ತಿರಲಿಲ್ಲವೆಂದಲ್ಲ. ಬಾಗಿನವನ್ನು ಅವರು ಧರ್ಮದ ಲೆಕ್ಕಕ್ಕೆ ಹಿಡಿದಿರಲಿಲ್ಲ, ಆಫೀಸಿನ ಕೆಲಸದ ಲೆಕ್ಕಕ್ಕೆ ಹಿಡಿದಿದ್ದರು. ಅಷ್ಟು ಜನರ ಮುಂದೆ 'ಆಗುವುದಿಲ್ಲ ಸರ್' ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಹಿರಿಯರ ಮಾತನ್ನು ಮಂದಿಯ ಮುಂದೆ ತೆಗೆದುಹಾಕಬಾರದು ಎಂದು ಬೆಳೆಸಿದ ಮನೆ ನನ್ನದು.

ಅಂದು ಬಸ್ಸಿನಲ್ಲಿ ಬರುವಾಗ ತಲೆ ಸಿಡಿಯುತ್ತಿತ್ತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಸೊಪ್ಪು ಸೋಸುತ್ತ ಕೂತಿದ್ದರು. "ನಿನಗ ಮನಸ್ಸಿಗೆ ಬರೂದಿಲ್ಲೇನು?" ಅಂತ ಕೇಳಿದರು. "ಬರೂದಿಲ್ಲರಿ ಅತ್ತಿ. ಹೊಳಿ ಅಂದ್ರ ನನಗ ಪ್ರೀತಿ ಐತಿ. ಆದ್ರ ಕೈ ಮುಗದು ಪೂಜಾ ಮಾಡೂದು ದೇವರಿಗಷ್ಟ." ಅತ್ತೆ ಸೊಪ್ಪಿನ ಬುಟ್ಟಿ ಬದಿಗಿಟ್ಟರು. "ಹಂಗಾರ ನಾಳೆ ಹೋದಕೂಡ್ಲೆ ಅವರೊಬ್ಬರೇ ಇದ್ದಾಗ ಹೇಳು. ತಡಾ ಮಾಡಬ್ಯಾಡ. ಇದೊಂದಕ್ಕ ಇಲ್ಲ ಅಂದಿ ಅಂದ್ರ ಉಳದದ್ದಕ್ಕೆಲ್ಲ ಹೌದು ಅನ್ನಾಕ ತಯಾರ ಇರಬೇಕು."

ಮರುದಿನ ಹೇಳಿದೆ. ಕೋಣೆಯಲ್ಲಿ ನಾವಿಬ್ಬರೇ. ಫ್ಯಾನು ತಿರುಗುತ್ತಿತ್ತು.

"ಸರ್, ಬಾಗಿನಾ ನನ್ನ ಕಡಿಂದ ಆಗೂದಿಲ್ರಿ. ತಪ್ಪ ತಿಳ್ಕೋಬ್ಯಾಡ್ರಿ."

"ಯಾಕ್ರಿ?"

"ನಾವು ಕ್ರಿಶ್ಚನ್‌ರು ಸರ್. ಹೊಳಿಗೆ ಪೂಜಾ ಮಾಡಾಕ ನನ್ನ ಮನಸ್ಸು ಒಪ್ಪೂದಿಲ್ಲ."

"ನಾ ಏನ್ ನಿಮಗ ಧರ್ಮಾ ಬಿಡ್ರಿ ಅಂದೀನೇನು? ಮೊರಾ ಹಿಡೀಬೇಕು, ನೀರಾಗ ಬಿಡಬೇಕು, ಮುಗೀತು. ಒಂದ್ ನಿಮಿಷದ ಕೆಲಸ."

"ನಂಬಿಕಿ ಇಲ್ಲದ ಸುಮ್ನ ಹಿಡದ್ರ ನಂಬಿ ಬಂದ ಮಂದಿಗೆ ಮೋಸಾ ಮಾಡಿದಂಗ ಆಗತೈತಿ ಸರ್. ನಿಮಗೂ ಮೋಸಾ."

ಅವರ ಮೂಗು ಕೆಂಪಾಯಿತು. "ನಾ ಊರ ಮುಂದ ಮಾತು ಕೊಟ್ಟೀನಿ. ನನ್ನ ಮಾತಿಗೆ ಬೆಲಿ ಇಲ್ಲೇನು? ಆರ್ಡರ್ ಅಂತ ಹೇಳಿದ್ರ?"

ನಾನು ಎರಡೂ ಕೈ ಮುಗಿದೆ. "ಹೊಳಿಗೆ ಇಳಿ ಅನ್ರಿ ಇಳಿತೀನಿ ಸರ್. ಬಂದವರಿಗೆಲ್ಲ ಊಟಾ ಬಡಸು ಅನ್ರಿ ಬಡಸ್ತೀನಿ. ಹಿಂದಿನ ಮೆಟ್ಟಲಾ ಪಾಚಿಗಟ್ಟ್ಯಾವು, ತೊಳಿ ಅನ್ರಿ, ನಾನ ಕುಂತು ತೊಳಿತೀನಿ. ಪೂಜಾ ಒಂದ ಬ್ಯಾಡ್ರಿ."

"ಹೋಗ್ರಿ" ಅಂದರು. ಅಷ್ಟೇ.

ಅಂದಿನಿಂದ ಸಾಹೇಬರು ನನ್ನ ಜೊತೆ ಮಾತು ಬಿಟ್ಟರು. ಕೆಲಸ ಬಿಡುವ ಹಾಗಿಲ್ಲ, ಮಾತು ಬಿಟ್ಟರೆ ಕೆಲಸ ನಡೆಯುವ ಹಾಗಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಮಾರುತಿ ಕಾಕಾ. ಮಾರುತಿ ಕಾಕಾ ನಮ್ಮ ಹಳೆಯ ಪಂಪ್ ಆಪರೇಟರ್, ಮನೆಮಾತು ಮರಾಠಿ, ನನ್ನನ್ನು ಮೇಡಂ ಅನ್ನುವ ಬದಲು ಮರಾಠಿಯಲ್ಲಿ 'ಬಾಯಿ' ಅನ್ನುತ್ತಿದ್ದರು. ನಾನು ಸಾಹೇಬರ ಬಾಜುವಿನಲ್ಲೇ ನಿಂತಿರುತ್ತಿದ್ದೆ. ಅವರು ಆಕಡೆ ಮುಖ ಮಾಡಿ, "ಮಾರುತಿ, ಮೇಡಂಗ ಹೇಳು, ವಾಲ್ವ್ ಬಂದ್ ಮಾಡಸಬೇಕು" ಅನ್ನುತ್ತಿದ್ದರು. ಮಾರುತಿ ಕಾಕಾ ನನ್ನ ಕಡೆ ತಿರುಗಿ, "ಬಾಯಿ, ವಾಲ್ವ್ ಬಂದ್ ಅಂತ ನೋಡ್ರಿ" ಅನ್ನಬೇಕು. ನಾನು, "ಆತು ಅಂತ ಹೇಳ್ರಿ ಕಾಕಾ" ಅಂದರೆ ಅದನ್ನು ಮತ್ತೆ ಅತ್ತ ಒಪ್ಪಿಸಬೇಕು. ಒಂದು ದಿನ ಅವರಿಗೇ ಬೇಸರವಾಗಿ, "ಸಾಹೇಬ, ನನಗ ಕನ್ನಡಾ ಕಡಿಮಿ ಬರತೈತಿ, ನೀವ ಮಾತಾಡ್ಕೊಳ್ರಿ" ಅಂತ ಬೀಡಿ ಸೇದಲು ಹೊರಟುಹೋದರು. ನಾವಿಬ್ಬರೂ ಮೋಟಾರನ್ನೇ ನೋಡುತ್ತ ನಿಂತೆವು.

ನನಗೆ ನೋವಾಗಿತ್ತು. ಬೈದರೆ ತಡೆದುಕೊಳ್ಳಬಹುದು. ಕಲಿಸಿದವರು ಮಾತು ಬಿಟ್ಟರೆ ತಡೆದುಕೊಳ್ಳುವುದು ಕಷ್ಟ. ಆಫೀಸಿನಲ್ಲಿ ಎಲ್ಲರೂ ನನ್ನ ನೌಕರಿ ಹೋದಂತೆಯೇ ಮುಖ ಮಾಡಿದ್ದರು. ಒಂದು ಸಂಜೆ ಚಾಪೆಯ ಮೇಲೆ ಕೂತಾಗ, "ಅತ್ತಿ, ಇವತ್ತ ಸಾಹೇಬ್ರ ಹೆಸರ ಬಿಡ್ರಿ, ನನಗ ಕೇಳಾಕ ಆಗೂದಿಲ್ಲ" ಅಂದೆ. ಅತ್ತೆ ಕಣ್ಣು ಮುಚ್ಚಿಕೊಂಡವರು ಒಂದು ಕಣ್ಣು ಮಾತ್ರ ತೆರೆದರು. "ಚಲೋ ಇದ್ದಾಗ ಅವರ ಹೆಸರ ತಗೊಂಡು ಸಿಟ್ಟಾದಾಗ ಬಿಟ್ರ, ಅದು ಪ್ರಾರ್ಥನಿ ಅಲ್ಲ, ವ್ಯಾಪಾರ." ಅಂದು ಲೈನ್‌ಮನ್‌ನನ್ನೂ ಜಿಲ್ಲಾಧಿಕಾರಿಗಳನ್ನೂ ಹಿಂದೆ ಹಾಕಿ ಸಾಹೇಬರಿಂದಲೇ ಶುರು ಮಾಡಿದರು.

ಮಳೆ ಬಂತು. ಬಂದದ್ದು ಅಂತಿಂಥ ಮಳೆಯಲ್ಲ. ಬಸ್ಸಿನ ಕಿಟಕಿಯಾಚೆ ಗದ್ದೆಗಳು ಕೆರೆಗಳಾದವು, ಹಂಚಿನ ಭಟ್ಟಿಗಳ ಹೊಗೆ ನೆಲದಿಂದ ಮೇಲೇಳದಾಯಿತು. ಒದ್ದೆ ಕೊಡೆಗಳಿಂದ ಪಂಪ್‌ಹೌಸಿನ ವರಾಂಡ ತುಂಬಿತು. ಕೆಂಪು ನೀರು ಕಸಕಡ್ಡಿ, ಬಿದಿರು, ಯಾರದೋ ಹಿತ್ತಲಿನ ಬೇಲಿ ಎಲ್ಲವನ್ನೂ ಹೊತ್ತುಕೊಂಡು ಬಂದು, ನೋಡನೋಡುತ್ತ ಬಂಧಾರದ ಮೇಲೆ ಹರಿಯಿತು. ಮಾರುತಿ ಕಾಕಾ ಚಪ್ಪಾಳೆ ತಟ್ಟಿ ಕುಣಿದರು. ನಾನೂ ಕುಣಿಯುವುದೊಂದು ಬಾಕಿ. ಸಾಹೇಬರು ಹೊಳೆಯನ್ನು ನೋಡಿ ಗಂಟಲು ಸರಿಮಾಡಿಕೊಂಡು, "ಮಾರುತಿ, ಮುಂದಿನ ಶುಕ್ರವಾರ ಬಾಗಿನಾ" ಅಂದರು. ಯಾರ ಕೈಯಲ್ಲಿ ಎಂದು ಹೇಳಲಿಲ್ಲ.

ಆ ವಾರ ಎರಡು ಕಡೆಯಿಂದ ನನಗೆ ಬುದ್ಧಿವಾದ ಬಂತು. ಆಫೀಸಿನ ಹಿರಿಯ ಗುಮಾಸ್ತರು, "ಹಿಡದು ಬಿಡ್ರಿ, ನಿಮ್ಮ ದೇವರಿಗೆ ಆಮ್ಯಾಲೆ ಕ್ಷಮಾ ಕೇಳ್ರಿ, ಅವ ದಯಾಳು ಅಲ್ಲೇನು?" ಅಂದರು. ನಮ್ಮ ಸಭೆಯ ಹಿರಿಯರೊಬ್ಬರು, "ಜಡ್ಡು ಅಂತ ರಜಾ ಹಾಕಿ ಮನ್ಯಾಗ ಇರವಾ, ತಂಟೇನ ಬ್ಯಾಡ" ಅಂದರು. ಖರೇ ಹೇಳಬೇಕೆಂದರೆ ಎರಡನೆಯ ಮಾತು ನನಗೆ ಬಹಳ ಹಿತವಾಗಿ ಕೇಳಿಸಿತು. ಒಂದು ಇಡೀ ದಿನ ಆಸೆಪಟ್ಟೆ. ಆದರೆ ಇಲ್ಲದ ಜ್ವರ ಹೇಳಿಕೊಂಡು ಮುಸುಕು ಹಾಕಿ ಮಲಗಿದರೆ ನಂಬಿಕೆ ಉಳಿಸಿಕೊಂಡ ಹಾಗೆ ಹೇಗಾಗುತ್ತದೆ? ಸಾಹೇಬರ ಮಾತು ಬೀಳುವ ದಿನ ಅವರನ್ನು ಒಬ್ಬರನ್ನೇ ಬಿಟ್ಟು ಅಡಗಿಕೊಂಡರೆ ಅದೆಂಥ ಮರ್ಯಾದೆ? ಹೋಗಲೇಬೇಕೆಂದು ಗಟ್ಟಿ ಮಾಡಿಕೊಂಡೆ.

ಗುರುವಾರ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು. ನಾನು ಬ್ಲೀಚಿಂಗ್ ಪೌಡರ್, ತೆಂಗಿನ ಪೊರಕೆ ಹಿಡಿದು ಪಂಪ್‌ಹೌಸಿನ ಹಿಂದಿನ ಮೆಟ್ಟಿಲಿಗೆ ಹೋದೆ. ತೊಳೆಯುತ್ತೇನೆಂದು ಹೇಳಿದ್ದೆನಲ್ಲ. ಕಲ್ಲಿನ ಮೇಲೆ ಕಾಲಿಟ್ಟರೆ ಜಾರಿ ಹೊಳೆಗೇ. ಸೀರೆ ಎತ್ತಿ ಕಟ್ಟಿ, ಮೇಲಿನಿಂದ ಶುರು ಮಾಡಿ ನೀರಿನ ಅಂಚಿನವರೆಗೂ ಉಜ್ಜಿದೆ. ಮಾರುತಿ ಕಾಕಾ ಸುಮ್ಮನೆ ನೋಡುತ್ತ ನಿಂತವರು ಕೊನೆಗೆ ತಾವೂ ಒಂದು ಬ್ರಷ್ ಹಿಡಿದು ಇಳಿದರು. ಮೇಲೆ ವರಾಂಡದಲ್ಲಿ ಬಿಳಿ ಅಂಗಿ ಕಂಡಂತಾಯಿತು. ತಲೆ ಎತ್ತುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಅಂಗಳ ತುಂಬ ಜನ. ಬೇಸಿಗೆಯಲ್ಲಿ ಕೊಡ ಹಿಡಿದು ಬೈದ ಹೆಂಗಸರೇ ಇಂದು ಹಸಿರು ಸೀರೆಯುಟ್ಟು ಹೂ ಮುಡಿದು ಬಂದಿದ್ದರು. ಸಾಹೇಬರ ಕಾರು ಬಂತು. ಹಿಂದಿನ ಬಾಗಿಲು ತೆರೆದು ನಿಧಾನವಾಗಿ ಇಳಿದವರು ಅವರ ಹೆಂಡತಿ ಗಿರಿಜಕ್ಕ. ಮೊಣಕಾಲಿಗೆ ಪಟ್ಟಿ ಸುತ್ತಿತ್ತು. ನನ್ನ ಎದೆ ಹಗುರಾಯಿತು, ಮರುಗಳಿಗೆಗೆ ಆ ಕಾಲು ನೋಡಿ ಭಾರವಾಯಿತು.

ಊರ ಮುಖಂಡರೊಬ್ಬರು ಎಲ್ಲರಿಗೂ ಕೇಳುವಂತೆ, "ಸಾಹೇಬ, ಮೇಡಂ ಕೈಲೆ ಕೊಡಸ್ತೀನಿ ಅಂದಿದ್ರಲ್ಲ? ಮೇಡಂ ಇಲ್ಲೇ ಅದಾರ. ಮಾತು ಬದಲ ಮಾಡಿದ್ರೇನು?" ಅಂದರು. ನನ್ನ ನೌಕರಿ ಈ ಗಳಿಗೆಯಲ್ಲಿ ಈ ಅಂಗಳದಲ್ಲೇ ತೀರ್ಮಾನವಾಗುತ್ತದೆ ಅನ್ನಿಸಿತು.

ಸಾಹೇಬರು ಮುಂದೆ ಬಂದರು. "ಹೌದ್ರಿ, ಬದಲ ಮಾಡೀನಿ. ಅವರನ್ನ ಒಂದ್ ಮಾತು ಕೇಳಲಾರದ ನಾನ ಹೇಳಿಬಿಟ್ಟಿದ್ದೆ, ತಪ್ಪು ನಂದು. ಅವರ ದೇವರು ಬ್ಯಾರೆ ಅದಾನ. ಅವರು ನನಗ ಎದುರು ಆಡಲಿಲ್ಲ, ಓಡಿಯೂ ಹೋಗಲಿಲ್ಲ. ಆಗೂದಿಲ್ಲ ಅಂತ ಕೈ ಮುಗದು ಹೇಳಿದ್ರು, ನಿನ್ನೆ ಕುಂತು ಈ ಮೆಟ್ಟಲಾ ತೊಳದ್ರು." ಅಂಗಿಯ ಮೇಲಿನಿಂದಲೇ ಎದೆಯ ಕರಡಿಗೆಯನ್ನು ಮುಟ್ಟಿಕೊಂಡರು. "ನಾಳೆ ನನ್ನ ಮ್ಯಾಲಿನ ಸಾಹೇಬ್ರು ಈ ಲಿಂಗಾ ತಗದಿಡು ಅಂದ್ರ ನಾ ತಗದಿಡ್ತೀನೇನ್ರಿ?"

ಬೇಸಿಗೆಯಲ್ಲಿ ನನಗೆ ಲಟಿಕೆ ಮುರಿದಿದ್ದ ಮುದುಕಿ ಮರಾಠಿಯಲ್ಲಿ, "ಬರೋಬರ್ ಆಹೇ" ಅಂದಳು. ಸರಿಯಾಗಿದೆ ಅಂತ. ಅಲ್ಲಿಗೆ ಪಂಚಾಯಿತಿ ಮುಗಿಯಿತು.

ಗಿರಿಜಕ್ಕ ಮೊರ ಹಿಡಿದು ಮೊದಲ ಮೆಟ್ಟಿಲಿಗೆ ಬಂದು ನಿಂತುಬಿಟ್ಟರು. ಕೆಳಗೆ ಹೊಳೆ ಭರಭರ ಹರಿಯುತ್ತಿತ್ತು. ಕಾಲು ಮಡಚಲು ಆಗದೆ ಮುಖ ಹಿಂಡಿದರು. ಅಷ್ಟು ಹೊತ್ತು ಹಿಂದೆ ನಿಂತಿದ್ದ ನಾನು ಯೋಚಿಸುವ ಮೊದಲೇ ಹೋಗಿ ಅವರ ರಟ್ಟೆ ಹಿಡಿದೆ. ಆಗ ಸಾಹೇಬರ ದನಿ ಕೇಳಿತು, ಮಾರುತಿ ಕಾಕಾರನ್ನು ನಡುವೆ ತರದೆ, ನೇರ ನನಗೇ. "ಮೇಡಂ, ಗಟ್ಟ್ಯಾಗಿ ಹಿಡೀರಿ. ಬಿಡಬ್ಯಾಡ್ರಿ."

"ಬಿಡೂದಿಲ್ಲ ಸರ್" ಅಂದೆ. ಕಣ್ಣು ಮಂಜಾದವು, ಮಳೆ ಹನಿಯೆಂದು ಒರೆಸಿಕೊಂಡೆ.

ಒಂದೊಂದೇ ಮೆಟ್ಟಿಲು ಇಳಿದೆವು. "ಚಲೋ ತೊಳದಿ ತಂಗಿ, ಒಟ್ಟ ಜಾರವಲ್ವು" ಅಂದರು ಗಿರಿಜಕ್ಕ. "ಬಲಗಾಲಿನ ಮ್ಯಾಲೆ ಭಾರಾ ಹಾಕಬ್ಯಾಡ್ರಿ ಅಕ್ಕಾರ" ಅಂದೆ. "ನನಗ ಬಲಗಾಲು ಅಂತ ನಿನಗ ಯಾರ ಹೇಳಿದ್ರು?" "ಸಾಹೇಬ್ರ ಒಮ್ಮೆ ಅಂದಿದ್ರು. ನಮ್ಮ ಅತ್ತಿ ದಿನಾ ಸಂಜಿಕೆ ನಿಮ್ಮ ಮೊಣಕಾಲಿಗೆ ಪ್ರಾರ್ಥನಿ ಮಾಡ್ತಾರ್ರಿ. ಸಾಹೇಬ್ರ ಸಿಟ್ಟಿಗೂ ಮಾಡ್ತಾರ." ಗಿರಿಜಕ್ಕ ತುಂಬಿದ ಹೊಳೆಯ ಮುಂದೆ, ಕೈಯಲ್ಲಿ ಬಾಗಿನ ಹಿಡಿದುಕೊಂಡೇ, ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಏನ್ರಿ, ಕೇಳಿದ್ರೇನು? ವಡಗಾವ್ಯಾಗ ನಿಮ್ಮ ಸಿಟ್ಟಿಗೆ ಪ್ರಾರ್ಥನಿ ನಡದೈತಂತ!" ಎಂದು ಮೇಲೆ ಕೂಗಿದರು. ನನಗೆ ಹೊಳೆಗೆ ಹಾರಿಬಿಡಬೇಕು ಅನ್ನಿಸಿತು.

ಕೊನೆಯ ಮೆಟ್ಟಿಲಲ್ಲಿ ಅವರು ಕಣ್ಣು ಮುಚ್ಚಿ ತಮ್ಮ ಪ್ರಾರ್ಥನೆ ಮಾಡಿ ಮೊರವನ್ನು ನೀರಿಗೆ ಬಿಟ್ಟರು. ನಾನು ಅವರ ರಟ್ಟೆ ಹಿಡಿದುಕೊಂಡೇ, ಮಳೆ ಕೊಟ್ಟ ನನ್ನ ದೇವರಿಗೆ ಮನಸ್ಸಿನಲ್ಲಿ ವಂದನೆ ಹೇಳಿದೆ. ಸಂಜೆ ಅತ್ತೆಯನ್ನು, "ನಾ ಅಲ್ಲಿ ನಿಂತಿದ್ದು ತಪ್ಪಾತೇನ್ರಿ?" ಎಂದು ಕೇಳಿದೆ. "ಕಾಲು ನೊಂದಾಕಿಗೆ ಕೈ ಕೊಟ್ಟಿ. ಅದರಾಗೇನ್ ತಪ್ಪು? ಬಿಸಿ ಅನ್ನ ಐತಿ, ಉಣ್ಣು ಬಾ" ಅಂದರು.

ಆ ಮೇಲೊಂದು ಭಾನುವಾರ, ಹೊಳೆಯ ಕಸ ಬಂದು ಬಾವಿಯ ಜಾಲರಿ ಕಟ್ಟಿಕೊಂಡಿತೆಂದು ಮಾರುತಿ ಕಾಕಾ ಬೆಳಿಗ್ಗೆಯೇ ಫೋನ್ ಮಾಡಿದರು. ನಾನು ಚರ್ಚಿನ ಸೀರೆ ಬಿಚ್ಚಿ ಕೆಲಸದ ಸೀರೆ ಉಡುವಷ್ಟರಲ್ಲಿ ಇನ್ನೊಂದು ಫೋನು, ಸಾಹೇಬರದು. "ಮೇಡಂ, ಪ್ರಾರ್ಥನಿ ಮುಗಿಸಿಕೊಂಡ ಬರ್ರಿ. ಅಲ್ಲಿತನಾ ನಾ ಇರ್ತೀನಿ." ಮಧ್ಯಾಹ್ನ ಹೋಗಿ ನೋಡಿದರೆ ಅವರು ಏಣಿಯ ಮೇಲೆ, ಅಂಗಿಯೆಲ್ಲ ಕೆಸರು. "ಅರ್ಧಾ ಆಗೇತಿ. ಉಳದ ಅರ್ಧಾ ನಿಮ್ದು, ಇಳೀರಿ" ಅಂದರು. ಆ ಚಳಿಗಾಲದಲ್ಲಿ ನನ್ನ ಕೆಲಸ ಕಾಯಂ ಆಯಿತು. ಪೇಡೆ ಕೊಡಲು ಹೋದಾಗ, "ಇದನ್ನ ನಿಮ್ಮ ಅತ್ತಿಯವರಿಗೆ ಕೊಡ್ರಿ, ನನ್ನ ಸಲುವಾಗಿ ಭಾಳ ದಣದಾರ" ಅಂದರು.

ಸಾಹೇಬರು ಈಗ ನಿವೃತ್ತರು. ನಾನು ಬೆಳಗಾವಿಯ ಆಫೀಸಿಗೆ ಬಂದು ಬಹಳ ಕಾಲವಾಯಿತು. ಹೊಳೆ ತುಂಬಿದ ವರ್ಷವೆಲ್ಲ ಬಾಗಿನ ಮಾತ್ರ ಗಿರಿಜಕ್ಕನದೇ, ಹಿಂದಿನ ದಿನ ಹೋಗಿ ಮೆಟ್ಟಿಲು ತೊಳೆಯುವುದು, ಇಳಿಯುವಾಗ ಅವರ ರಟ್ಟೆ ಹಿಡಿಯುವುದು ನನ್ನ ಕೆಲಸ. ಮೊನ್ನೆ ಟಾಕಿ ತೊಳೆದು ಮುಗಿಯುವ ಹೊತ್ತಿಗೆ ಅವರದೇ ಫೋನು. "ಹೊಳಿ ಬಂಧಾರದ ಮ್ಯಾಲೆ ಬಂದೈತಂತ ತಂಗಿ." ಹಿಂದಿನಿಂದ ಸಾಹೇಬರ ದನಿ. "ಮೇಡಂ, ನಿಮ್ಮ ಅತ್ತಿಯವರಿಗೆ ಹೇಳ್ರಿ, ಈ ವರ್ಷ ನನ್ನ ಮೊಣಕಾಲೂ ಹಿಡದಾವು. ಸಿಟ್ಟಿಂದು ಸಾಕು, ಇನ್ನ ಇದನ್ನ ನೋಡಾಕ ಹೇಳ್ರಿ."

ಅತ್ತೆಗೆ ಈಗ ಕಿವಿ ಮಂದ. ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದೆ. ಕೇಳಿಸಿಕೊಂಡು ತಲೆಯಾಡಿಸಿದರು. "ಸಿಟ್ಟು ಇನ್ನೂ ಪೂರಾ ಹೋಗಿಲ್ಲ ಅಂತ ಕಾಣತೈತಿ. ಎರಡೂ ಮಾಡೂಣು ತಗೋ."

ನಾನು ಮಾಳಿಗೆಗೆ ಹೋಗಿ ಉಳಿದ ಬ್ಲೀಚಿಂಗ್ ಪೌಡರನ್ನು ಡಬ್ಬಿಗೆ ತುಂಬಿ ಮುಚ್ಚಳ ಗಟ್ಟಿ ಮಾಡಿಟ್ಟೆ. ಮೆಟ್ಟಿಲಿಗೆ ಬೇಕು.